ಇಪಿಎಬಿಎಕ್ಸ್‌ಗೆ ಹೊಸ ಕಾರ್ಡ್ ಹಾಕಿಸುವ ಮುನ್ನ: ಲೈನ್, ಸ್ಲಾಟ್ ಮತ್ತು ಮಾತಿನ ದಟ್ಟಣೆ ಲೆಕ್ಕದ ಸಮಗ್ರ ಮಾರ್ಗದರ್ಶಿ

ದಾವಣಗೆರೆಯ ನರ್ಸಿಂಗ್ ಹೋಂ ಇರಲಿ, ಎಪಿಎಂಸಿ ಯಾರ್ಡಿನ ಮಂಡಿ ಇರಲಿ, ಚಿತ್ರದುರ್ಗದ ಲಾಡ್ಜು, ಚಳ್ಳಕೆರೆಯ ಎಣ್ಣೆ ಮಿಲ್ಲು ಯಾವುದೇ ಇರಲಿ, ದೂರು ಮಾತ್ರ ಒಂದೇ: "ಹೊಸ ಕಾರ್ಡ್ ಹಾಕಿಸಿದ್ವಿ, ಆದ್ರೂ ಎಂಗೇಜ್ ಬರೋದು ನಿಂತಿಲ್ಲ." ನಿಲ್ಲುವುದೂ ಇಲ್ಲ. ಇಪಿಎಬಿಎಕ್ಸ್ ಎಂದರೆ ಹೊರಗಿನ ಕೆಲವೇ ಲೈನುಗಳನ್ನು ಒಳಗಿನ ಹತ್ತಾರು ಫೋನುಗಳಿಗೆ, ಅಂದರೆ ಎಕ್ಸ್‌ಟೆನ್ಶನ್‌ಗಳಿಗೆ, ಹಂಚುವ ಮೆಷಿನ್. 16 ಪೋರ್ಟಿನ ಎಕ್ಸ್‌ಟೆನ್ಶನ್ ಕಾರ್ಡ್ ಹಾಕಿದರೆ ಟೇಬಲ್ ಮೇಲೆ 16 ಫೋನು ಹೆಚ್ಚುತ್ತವೆ, ಅಷ್ಟೆ. ಹೊರಗಿನವರ ಜೊತೆ ಏಕಕಾಲಕ್ಕೆ ಎಷ್ಟು ಜನ ಮಾತಾಡಬಹುದು ಎಂಬುದು ಹಿಂದೆ ಎಷ್ಟಿತ್ತೋ ಅಷ್ಟೇ ಉಳಿಯುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಆದ್ದರಿಂದ ಇಲ್ಲಿ ಕೆಲಸದ ಕ್ರಮವೇ ಮುಖ್ಯ. ಎಲ್ಲಿ ಕಟ್ಟಿಕೊಂಡಿದೆ ಎಂದು ಮೊದಲು ಹುಡುಕಬೇಕು, ಆಮೇಲೆ ಅಳೆಯಬೇಕು, ಅಳತೆಯಿಂದ ಲೈನಿನ ಸಂಖ್ಯೆ ತೆಗೆಯಬೇಕು. ಕಾರ್ಡಿನ ಕೊಟೇಶನ್ ಕೇಳುವುದು ಅದಾದ ಮೇಲೆ.

## ಕೈಯಲ್ಲಿ ಇರಬೇಕಾದ ಸಾಮಾನು

- ಎಸಿ, ಡಿಸಿ ಎರಡನ್ನೂ ಅಳೆಯುವ ಮಲ್ಟಿಮೀಟರ್
- ಕ್ರೋನ್ ಪಂಚಿಂಗ್ ಟೂಲ್ (ಕ್ರೋನ್ ಎಂದರೆ ಫೋನಿನ ತಂತಿಗಳನ್ನು ಒತ್ತಿ ಜೋಡಿಸುವ ಪಟ್ಟಿ; ಸ್ಕ್ರೂಡ್ರೈವರಿನಿಂದ ತಂತಿ ಒತ್ತಿದರೆ ಕ್ರೋನ್‌ನ ಬ್ಲೇಡ್ ಅಗಲವಾಗುತ್ತದೆ, ಆರು ತಿಂಗಳಿಗೆ ಲೈನ್ ಕರಕರ ಎನ್ನುತ್ತದೆ)
- ಕ್ಲಿಪ್ ಹಾಕಿದ ಟೆಸ್ಟ್ ಫೋನು
- ಆಂಟಿಸ್ಟ್ಯಾಟಿಕ್ ರಿಸ್ಟ್ ಬ್ಯಾಂಡ್
- ಟಾರ್ಚ್, ಮೆತ್ತನೆಯ ಬ್ರಷ್, ಐಸೊಪ್ರೊಪೈಲ್ ಆಲ್ಕೋಹಾಲ್
- ಲ್ಯಾಪ್‌ಟಾಪ್, ಮೆಷಿನ್ನಿಗೆ ಹೊಂದುವ ಸೀರಿಯಲ್ ಅಥವಾ ಲ್ಯಾನ್ ಕೇಬಲ್
- ನಿಮ್ಮ ಮಾಡೆಲ್ಲಿನ ಮ್ಯಾನ್ಯುಯಲ್ ಮತ್ತು ಪ್ರೋಗ್ರಾಮಿಂಗ್ ಪಾಸ್‌ವರ್ಡ್

ಪಾಸ್‌ವರ್ಡ್ ಯಾರ ಹತ್ತಿರ ಇದೆ ಎಂದು ಮೊದಲ ದಿನವೇ ಕೇಳಿ. ಅರ್ಧ ಕಡೆ ಅದು ಬಿಟ್ಟುಹೋದ ಹಳೇ ಸರ್ವಿಸ್ ಹುಡುಗನ ತಲೆಯಲ್ಲೇ ಇರುತ್ತದೆ.

## ಹಂತ 1: ಎಂಗೇಜ್ ಎಲ್ಲಿಂದ ಬರುತ್ತಿದೆ, ಪತ್ತೆ ಮಾಡಿ

"ಫೋನ್ ಸಿಗ್ತಿಲ್ಲ" ಎಂಬ ಒಂದೇ ದೂರಿನ ಹಿಂದೆ ಐದು ಬೇರೆ ಬೇರೆ ಕಾಯಿಲೆ ಇರಬಹುದು.

ಹೊರಗಿನವರಿಗೆ ಎಂಗೇಜ್, ಒಳಗೆ ಲೈನ್ ಖಾಲಿ. ಬೋರ್ಡಿನ ಮೇಲೆ, ವಿಸಿಟಿಂಗ್ ಕಾರ್ಡಿನ ಮೇಲೆ ಇರುವುದು ಮೊದಲ ನಂಬರ್ ಮಾತ್ರ. ಅದು ಭರ್ತಿಯಾದಾಗ ಕರೆ ಎರಡನೇ ಲೈನಿಗೆ ಜಿಗಿಯಬೇಕಾದರೆ ಟೆಲಿಫೋನ್ ಕಂಪನಿಯವರು ತಮ್ಮ ಎಕ್ಸ್‌ಚೇಂಜಿನಲ್ಲಿ ಹಂಟಿಂಗ್ ಹಾಕಿರಬೇಕು. ಇದು ನಿಮ್ಮ ಮೆಷಿನ್ನಿನಿಂದ ಆಗುವ ಕೆಲಸವಲ್ಲ, ಯಾವ ಕಾರ್ಡಿನಿಂದಲೂ ಸರಿಹೋಗುವುದಿಲ್ಲ.

ಒಳಗಿನವರು ಹೊರಗಿನ ಲೈನಿಗಾಗಿ ಸೊನ್ನೆ ಒತ್ತಿದರೆ ಎಂಗೇಜ್. ಟ್ರಂಕ್ ಲೈನುಗಳು (ಟೆಲಿಫೋನ್ ಕಂಪನಿಯಿಂದ ಬರುವ ಹೊರಗಿನ ಲೈನುಗಳು) ನಿಜವಾಗಿ ಭರ್ತಿಯಾಗಿರಬಹುದು, ಇಲ್ಲವೇ ಆ ಎಕ್ಸ್‌ಟೆನ್ಶನ್‌ಗೆ ಹೊರಗೆ ಮಾತಾಡುವ ಅನುಮತಿ ಇಲ್ಲದಿರಬಹುದು. ಪಕ್ಕದ ಫೋನಿನಿಂದ ಅದೇ ನಿಮಿಷದಲ್ಲಿ ಪ್ರಯತ್ನಿಸಿದರೆ ಯಾವುದೆಂದು ಗೊತ್ತಾಗುತ್ತದೆ.

ರಿಸೀವರ್ ಎತ್ತಿದರೆ ಡಯಲ್ ಟೋನೇ ಇಲ್ಲ, ಅಥವಾ ತಡವಾಗಿ ಬರುತ್ತದೆ. ದಿನವಿಡೀ ಹೀಗಿದ್ದರೆ ಪೋರ್ಟ್ ಅಥವಾ ವೈರಿಂಗ್ ಹೋಗಿದೆ. ಬೆಳಗ್ಗೆ 10ರಿಂದ 11ರ ಗಡಿಬಿಡಿಯಲ್ಲಿ ಮಾತ್ರ ಹೀಗಾದರೆ ಒಳಗಿನ ಟೈಮ್‌ಸ್ಲಾಟ್ (ಮೆಷಿನ್ನಿನೊಳಗೆ ಮಾತು ಸಾಗುವ ದಾರಿ) ಅಥವಾ ಟೋನ್ ಗುರುತಿಸುವ ಡಿಟಿಎಂಎಫ್ ರಿಸೀವರ್ ಸಾಲುತ್ತಿಲ್ಲ.

ರಿಂಗ್ ಆಗುತ್ತಲೇ ಇರುತ್ತದೆ, ಸ್ವಾಗತದ ಧ್ವನಿ ಬರುವುದಿಲ್ಲ. ಆಟೋ ಅಟೆಂಡೆಂಟಿನ (ಕರೆಯನ್ನು ತಾನೇ ಎತ್ತಿ ರೆಕಾರ್ಡ್ ಮಾಡಿದ ಧ್ವನಿ ಕೇಳಿಸುವ ವ್ಯವಸ್ಥೆಯ) ಧ್ವನಿ ಪೋರ್ಟ್ ಕೊರತೆ.

ಐಪಿ ಫೋನಿಗೆ ಮಾತ್ರ ಕರೆ ಹೋಗುವುದಿಲ್ಲ. ವಾಯ್ಪ್ (ನೆಟ್‌ವರ್ಕ್ ಮೇಲೆ ಮಾತು ಕಳಿಸುವ) ಕಾರ್ಡಿನ ಚಾನೆಲ್ ಮುಗಿದಿದೆ, ಅಥವಾ ಲೈಸೆನ್ಸ್ ಅಷ್ಟಕ್ಕೇ ಇದೆ.

ಎಲ್ಲಕ್ಕಿಂತ ಮುಂಚೆ ನೋಡಲೇಬೇಕಾದ ಆರನೆಯದೊಂದಿದೆ: ಸಿಕ್ಕಿಬಿದ್ದ ಟ್ರಂಕ್. ಅನಲಾಗ್ ಲೈನಿನಲ್ಲಿ ಆ ಕಡೆಯವರು ಫೋನ್ ಇಟ್ಟದ್ದು ಮೆಷಿನ್ನಿಗೆ ತಿಳಿಯದೆ ಹೋದರೆ ಲೈನ್ ಬಿಡುಗಡೆಯಾಗುವುದಿಲ್ಲ. ವಿಶೇಷವಾಗಿ ಆಟೋ ಅಟೆಂಡೆಂಟ್ ಎತ್ತಿಕೊಂಡ ಕರೆ, ಹೊರಗಿನಿಂದ ಹೊರಗೆ ವರ್ಗಾಯಿಸಿದ ಕರೆ ಹೀಗೆ ನೇತಾಡುತ್ತವೆ. ಮಾತಿಲ್ಲದ ಲೈನ್ 40 ನಿಮಿಷ ಭರ್ತಿ ಎಂದು ತೋರಿಸುತ್ತದೆ. 8 ಲೈನಿನಲ್ಲಿ ಎರಡು ಹೀಗೆ ಕೂತರೆ ನೀವು 6 ಲೈನಿನ ಆಫೀಸು ನಡೆಸುತ್ತಿದ್ದೀರಿ. ಪರಿಹಾರ ಪ್ರೋಗ್ರಾಮಿಂಗಿನಲ್ಲಿದೆ, ಹಂತ 8ರಲ್ಲಿ ಬರುತ್ತದೆ. ಎಷ್ಟೋ ಕಡೆ ಕಾರ್ಡಿನ ಖರ್ಚು ಇಲ್ಲಿಯೇ ಉಳಿಯುತ್ತದೆ.

## ಹಂತ 2: ಒಂದು ವಾರ ಅಳೆಯಿರಿ

ಹೆಚ್ಚುಕಮ್ಮಿ ಎಲ್ಲ ಇಪಿಎಬಿಎಕ್ಸ್‌ಗಳೂ ಪ್ರತಿ ಕರೆಯ ವಿವರವನ್ನು ಎಸ್‌ಎಂಡಿಆರ್ ಪೋರ್ಟಿನಿಂದ ಹೊರಗೆ ಕೊಡುತ್ತವೆ: ಯಾವ ಎಕ್ಸ್‌ಟೆನ್ಶನ್, ಯಾವ ಟ್ರಂಕ್, ಶುರುವಾದ ಸಮಯ, ಎಷ್ಟು ಸೆಕೆಂಡು. ಸೋಮವಾರ ಸೇರಿದಂತೆ ಪೂರ್ತಿ ವಾರ ಹಿಡಿಯಿರಿ. ಆಸ್ಪತ್ರೆಯಲ್ಲಿ ಭಾನುವಾರದ ರಜೆಯ ಒತ್ತಡವೆಲ್ಲ ಸೋಮವಾರ ಬೆಳಗ್ಗೆ ಬಂದು ಬೀಳುತ್ತದೆ. ಮೆಕ್ಕೆಜೋಳದ ವ್ಯಾಪಾರಿಗಳು ಬೇಸಿಗೆಯಲ್ಲಿ ಅಳೆದರೆ ಪ್ರಯೋಜನವಿಲ್ಲ, ಮಾಲು ಯಾರ್ಡಿಗೆ ಬರುವ ಸುಗ್ಗಿಯಲ್ಲೇ ಅಳೆಯಬೇಕು. ಲಾಡ್ಜಿನವರಿಗೆ ದಟ್ಟಣೆ ಬೆಳಗ್ಗೆ ಮತ್ತು ರಾತ್ರಿ, ಅದೂ ಒಳಕರೆಗಳದ್ದೇ ಹೆಚ್ಚು.

ದಿನದ ಕರೆಗಳನ್ನು 15 ನಿಮಿಷದ ತುಂಡುಗಳಾಗಿ ಹಂಚಿ, ಒಂದರ ಪಕ್ಕ ಒಂದಿರುವ ಯಾವ ನಾಲ್ಕು ತುಂಡುಗಳ ಮೊತ್ತ ಅತಿ ಭಾರ ಎಂದು ನೋಡಿ. ಅದೇ ನಿಮ್ಮ ಗಡಿಬಿಡಿಯ ಗಂಟೆ. ದಿನದ ಸರಾಸರಿ ಇಲ್ಲಿ ಕೆಲಸಕ್ಕೆ ಬಾರದು.

ಲೆಕ್ಕ ಇಷ್ಟೇ:

ಎರ್ಲಾಂಗ್ = ಆ ಗಂಟೆಯ ಕರೆಗಳ ಸಂಖ್ಯೆ × ಸರಾಸರಿ ಸೆಕೆಂಡು ÷ 3600

ಒಂದು ಲೈನ್ ಪೂರ್ತಿ ಗಂಟೆ ಭರ್ತಿ ಇದ್ದರೆ ಅದು 1 ಎರ್ಲಾಂಗ್. ಕೆಲವು ಹಳೇ ಮ್ಯಾನ್ಯುಯಲ್‌ಗಳಲ್ಲಿ ಸಿಸಿಎಸ್ ಎಂಬ ಅಳತೆ ಇರುತ್ತದೆ, ಅಂದರೆ ನೂರು ಸೆಕೆಂಡಿನ ಗಂಟು. 36 ಸಿಸಿಎಸ್‌ಗೆ 1 ಎರ್ಲಾಂಗ್.

96 ಎಕ್ಸ್‌ಟೆನ್ಶನ್, 8 ಅನಲಾಗ್ ಲೈನ್ ಇರುವ ಒಂದು ಆಸ್ಪತ್ರೆ ಎಂದಿಟ್ಟುಕೊಳ್ಳಿ. 10ರಿಂದ 11ರವರೆಗೆ ಒಟ್ಟು 112 ಹೊರಕರೆಗಳು (ಬಂದದ್ದು, ಹೋದದ್ದು ಎರಡೂ ಸೇರಿ), ಸರಾಸರಿ 150 ಸೆಕೆಂಡು. 112 × 150 ÷ 3600 = 4.67 ಎರ್ಲಾಂಗ್.

ಇಲ್ಲಿ ಎರಡು ಕಡೆ ಎಲ್ಲರೂ ಎಡವುತ್ತಾರೆ.

ಒಂದು, ಎಸ್‌ಎಂಡಿಆರ್ ಸಾಮಾನ್ಯವಾಗಿ ಮಾತಿನ ಸಮಯವನ್ನಷ್ಟೇ ಬರೆಯುತ್ತದೆ. ಡಯಲ್ ಮಾಡುವಾಗ, ರಿಂಗ್ ಆಗುವಾಗ ಕೂಡ ಲೈನ್ ಹಿಡಿದಿರುತ್ತದೆ. ಕರೆಗೆ 15ರಿಂದ 20 ಸೆಕೆಂಡು ಸೇರಿಸಿಕೊಳ್ಳಿ. ಮೇಲಿನ 150ರಲ್ಲಿ ಅದು ಸೇರಿದೆ.

ಎರಡು, ಎಂಗೇಜ್ ಟೋನ್ ಕೇಳಿ ವಾಪಸ್ ಹೋದವರು ಈ ಪಟ್ಟಿಯಲ್ಲಿ ಇರುವುದೇ ಇಲ್ಲ. ಒಳಗಿನಿಂದ ಸೊನ್ನೆ ಒತ್ತಿ ಸೋತವರನ್ನು 'ಎಲ್ಲ ಟ್ರಂಕ್ ಭರ್ತಿ' ಎಂಬ ಕೌಂಟರ್ ಎಣಿಸುತ್ತದೆ. ಹೊರಗಿನಿಂದ ಬಂದವರು ಎಕ್ಸ್‌ಚೇಂಜಿನಲ್ಲೇ ತಿರುಗಿ ಹೋಗುತ್ತಾರೆ, ನಿಮ್ಮ ಮೆಷಿನ್ನಿಗೆ ಅವರ ಸುಳಿವೂ ಸಿಗದು. ಆ ಗಂಟೆಯಲ್ಲಿ ಎಂಟೂ ಲೈನ್ ಒಟ್ಟಿಗೆ ಭರ್ತಿ ಇದ್ದ ಸಮಯವನ್ನು ಕೂಡಿ ನೋಡಿ. ಅದು 4 ನಿಮಿಷದಷ್ಟಿದ್ದರೆ, ಅಂದರೆ ಗಂಟೆಯ ಸುಮಾರು 7%, ಬಂದ ಕರೆಗಳಲ್ಲೂ ಹೆಚ್ಚುಕಡಿಮೆ ಅಷ್ಟೇ ಪಾಲು ವಾಪಸ್ ಹೋಗಿದೆ. 4.67ನ್ನು 0.93ರಿಂದ ಭಾಗಿಸಿದರೆ ನಿಜವಾದ ಬೇಡಿಕೆ ಸಿಗುತ್ತದೆ: 5 ಎರ್ಲಾಂಗ್.

## ಹಂತ 3: ಎಷ್ಟು ಲೈನ್ ಬೇಕು

5 ಎರ್ಲಾಂಗ್‌ಗೆ 5 ಲೈನ್ ಸಾಕು ಎನ್ನುವುದು ಮೊದಲ ತಪ್ಪು. ಕರೆಗಳು ಸಾಲಾಗಿ ಕ್ಯೂ ನಿಂತು ಬರುವುದಿಲ್ಲ, ಗುಂಪುಗುಂಪಾಗಿ ಬರುತ್ತವೆ. ಇದಕ್ಕೆಂದೇ ಎರ್ಲಾಂಗ್-ಬಿ ಕೋಷ್ಟಕ ಇದೆ. ನೂರಕ್ಕೆ ಒಂದು ಕರೆ ಮಾತ್ರ ಎಂಗೇಜ್ ಆಗಲಿ ಎಂಬ ಗುರಿಗೆ ಲೈನುಗಳು ಹೊರುವ ಭಾರ ಹೀಗೆ:

- 2 ಲೈನ್: 0.15 ಎರ್ಲಾಂಗ್
- 4 ಲೈನ್: 0.87
- 6 ಲೈನ್: 1.91
- 8 ಲೈನ್: 3.13
- 10 ಲೈನ್: 4.46
- 11 ಲೈನ್: 5.16
- 12 ಲೈನ್: 5.88
- 16 ಲೈನ್: 8.88
- 20 ಲೈನ್: 12.0
- 30 ಲೈನ್: 20.3

ನಮ್ಮ ಆಸ್ಪತ್ರೆಗೆ 11 ಲೈನ್ ಬೇಕು. ಈಗಿರುವ 8ರಲ್ಲಿ ನೂರಕ್ಕೆ 7 ಕರೆ ಬೀಳುತ್ತಿವೆ, 10 ಮಾಡಿದರೆ ಎರಡಕ್ಕಿಂತ ಸ್ವಲ್ಪ ಕಡಿಮೆ.

ಪಟ್ಟಿಯನ್ನು ಇನ್ನೊಮ್ಮೆ ನೋಡಿ. 8 ಲೈನ್ 3.13 ಹೊತ್ತರೆ 16 ಲೈನ್ 8.88 ಹೊರುತ್ತದೆ, ದುಪ್ಪಟ್ಟಿಗಿಂತ ಬಹಳ ಜಾಸ್ತಿ. ಲೈನುಗಳನ್ನು ಒಂದೇ ಗುಂಪಾಗಿ ಇಟ್ಟಷ್ಟೂ ಲಾಭ. 'ಈ ಲೈನ್ ಡಾಕ್ಟರಿಗೆ, ಈ ಎರಡು ಫಾರ್ಮಸಿಗೆ, ಇವು ಬರುವ ಕರೆಗೆ ಮಾತ್ರ' ಎಂದು ಹಂಚಿಕೊಂಡಷ್ಟೂ ನಷ್ಟ. ಅದೇ 5 ಎರ್ಲಾಂಗನ್ನು ಬರುವುದಕ್ಕೆ 2.5, ಹೋಗುವುದಕ್ಕೆ 2.5 ಎಂದು ಸೀಳಿದರೆ ಒಂದೊಂದು ಗುಂಪಿಗೂ 7 ಲೈನ್ ಬೇಕು, ಒಟ್ಟು 14. ಮಾಲೀಕರ ಖಾಸಗಿ ಲೈನ್ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಒಟ್ಟು ಮಾಡಿಸುವುದಕ್ಕೆ ಸ್ವಲ್ಪ ಜಗಳ ಆಡಬೇಕಾಗುತ್ತದೆ, ಆಡಿ.

ಹತ್ತು ಲೈನ್ ದಾಟಿದ ಮೇಲೆ ಅನಲಾಗ್ ಕಾರ್ಡುಗಳನ್ನು ಪೇರಿಸುತ್ತ ಹೋಗುವ ಬದಲು ಪಿಆರ್‌ಐ (ಒಂದೇ ಡಿಜಿಟಲ್ ಸಂಪರ್ಕದಲ್ಲಿ ಹಲವು ಲೈನ್) ಅಥವಾ ಸಿಪ್ ಟ್ರಂಕ್ (ಐಪಿ ಜಾಲದ ಮೇಲೆ ಬರುವ ಲೈನ್) ಕೇಳುವುದು ಸರಿ. ಪಿಆರ್‌ಐ ಬರುವುದು ಇ1 ಎಂಬ ಡಿಜಿಟಲ್ ಲೈನಿನ ಮೇಲೆ: 2.048 ಎಂಬಿಪಿಎಸ್, 64 ಕೆಬಿಪಿಎಸ್‌ನ 32 ಟೈಮ್‌ಸ್ಲಾಟ್. ಅದರಲ್ಲಿ ಸೊನ್ನೆಯದು ತಾಳ ಹಿಡಿಯುವುದಕ್ಕೆ, 16ನೆಯದು ಸಿಗ್ನಲಿಂಗ್‌ಗೆ, ಉಳಿದ 30 ಮಾತಿಗೆ. ಕೊಳ್ಳುವಾಗ ಎರಡು ಪ್ರಶ್ನೆ ಕೇಳಿ: ಕಂಪನಿಯವರು ಎಷ್ಟು ಚಾನೆಲ್ ತೆರೆದುಕೊಡುತ್ತಾರೆ, ನಿಮ್ಮ ಮೆಷಿನ್ನಿನ ಲೈಸೆನ್ಸ್ ಎಷ್ಟು ಚಾನೆಲ್ಲಿಗಿದೆ. ಎರಡರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಸಾಮರ್ಥ್ಯ.

## ಹಂತ 4: ಒಳಗಿನ ಮೂರು ಇಕ್ಕಟ್ಟು

ಲೈನ್ ಹೆಚ್ಚಿಸಿದ ಮೇಲೆ ಒತ್ತಡ ಒಳಗೆ ಸರಿಯುತ್ತದೆ.

ಧ್ವನಿ ಪೋರ್ಟ್. ಗಂಟೆಗೆ 80 ಕರೆ ಒಳಬರುತ್ತವೆ, ಪ್ರತಿಯೊಂದೂ ಸ್ವಾಗತದ ಧ್ವನಿಯಲ್ಲಿ 30 ಸೆಕೆಂಡು ಇರುತ್ತದೆ ಎಂದರೆ 80 × 30 ÷ 3600 = 0.67 ಎರ್ಲಾಂಗ್. ಕೋಷ್ಟಕದ ಪ್ರಕಾರ 4 ಪೋರ್ಟ್ ಬೇಕು. ಮೆಷಿನ್ ಜೊತೆ ಬಂದ 2 ಪೋರ್ಟಿನಲ್ಲೇ ನಡೆಸಿದರೆ ಎಂಟರಲ್ಲಿ ಒಬ್ಬರಿಗೆ ಧ್ವನಿ ಸಿಗುವುದಿಲ್ಲ. ಕೊಳ್ಳುವ ಮೊದಲು ಧ್ವನಿಯನ್ನೇ ಚಿಕ್ಕದು ಮಾಡಿ ನೋಡಿ. 'ನಮ್ಮ ಆಸ್ಪತ್ರೆಗೆ ನಿಮಗೆ ಹೃತ್ಪೂರ್ವಕ ಸ್ವಾಗತ' ಎಂದು ಕನ್ನಡ, ಇಂಗ್ಲಿಷ್, ಹಿಂದಿ ಮೂರರಲ್ಲೂ ಹೇಳಿಸಿದ್ದರೆ 15 ಸೆಕೆಂಡು ಸುಲಭವಾಗಿ ಕತ್ತರಿಸಬಹುದು.

ಟೈಮ್‌ಸ್ಲಾಟ್. ಈಚಿನ ಹಲವು ಮೆಷಿನ್‌ಗಳು ನಾನ್-ಬ್ಲಾಕಿಂಗ್. ಎಲ್ಲ ಪೋರ್ಟ್ ಒಟ್ಟಿಗೆ ಮಾತಾಡಿದರೂ ಒಳಗೆ ದಾರಿ ಇರುತ್ತದೆ. ಮ್ಯಾನ್ಯುಯಲ್ಲಿನಲ್ಲಿ ಹಾಗೆಂದು ಬರೆದಿದ್ದರೆ ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ಹಳೇ ದೊಡ್ಡ ಮೆಷಿನ್‌ಗಳಲ್ಲಿ ಒಂದು ಶೆಲ್ಫಿಗೆ (ಕಾರ್ಡುಗಳ ಒಂದು ಸಾಲಿಗೆ) ಇಷ್ಟೇ ದಾರಿ ಎಂದು ಮಿತಿ ಇರುತ್ತದೆ, ಮಾತಾಡುವ ಪ್ರತಿ ಪೋರ್ಟೂ ಒಂದೊಂದು ದಾರಿ ಹಿಡಿಯುತ್ತದೆ. 30 ದಾರಿಯ ಶೆಲ್ಫಿನಲ್ಲಿ 64 ಎಕ್ಸ್‌ಟೆನ್ಶನ್ ಇವೆ, ಒಂದೊಂದು 0.15 ಎರ್ಲಾಂಗ್ ಎಂದರೆ 9.6. ಇದಕ್ಕೆ 17 ದಾರಿ ಸಾಕು, ಆರಾಮ. ಆದರೆ ಅವುಗಳಲ್ಲಿ 20 ಫೋನು ರಿಸೆಪ್ಷನ್, ಲ್ಯಾಬ್, ಫಾರ್ಮಸಿ, ಬಿಲ್ಲಿಂಗ್ ಕೌಂಟರಿನವಾಗಿದ್ದು ಒಂದೊಂದು 0.55 ಹೊತ್ತರೆ ಒಟ್ಟು 17.6 ಎರ್ಲಾಂಗ್ ಆಗಿ 27 ದಾರಿ ಬೇಕಾಗುತ್ತದೆ. ಅದೇ ಶೆಲ್ಫಿಗೆ ಪಿಆರ್‌ಐ ಕಾರ್ಡನ್ನೂ ತುರುಕಿದರೆ ಅದೊಂದೇ ಇನ್ನೂ 30 ದಾರಿ ಕೇಳುತ್ತದೆ. 'ಪಿಆರ್‌ಐ ಹಾಕಿದ ಮೇಲೆ ಡಯಲ್ ಟೋನ್ ಬರ್ತಿಲ್ಲ' ಎಂಬ ದೂರಿನ ಮೂಲ ಇದು.

ವಾಯ್ಪ್ ಚಾನೆಲ್. ಐಪಿ ಫೋನು ಇನ್ನೊಂದು ಐಪಿ ಫೋನಿನ ಜೊತೆ ಮಾತಾಡುವಾಗ ಬಹುತೇಕ ಮೆಷಿನ್‌ಗಳಲ್ಲಿ ಧ್ವನಿ ನೇರ ಹೋಗುತ್ತದೆ. ಐಪಿ ಫೋನಿನಿಂದ ಅನಲಾಗ್ ಎಕ್ಸ್‌ಟೆನ್ಶನ್‌ಗೋ ಪಿಆರ್‌ಐಗೋ ಹೋದರೆ ಒಂದು ಡಿಎಸ್‌ಪಿ ಚಾನೆಲ್ (ಧ್ವನಿಯನ್ನು ಪ್ಯಾಕೆಟ್ಟಿಗೆ ಬದಲಿಸುವ ಚಿಪ್ಪಿನ ದಾರಿ) ಖರ್ಚು. ಹರಿಹರದ ಬ್ರಾಂಚಿಗೆ ನೆಟ್ ಮೇಲೆ ಫೋನು ಕೊಟ್ಟಿದ್ದರೆ ಬ್ಯಾಂಡ್‌ವಿಡ್ತ್ ಕೂಡ ಲೆಕ್ಕ ಹಾಕಿ: 20 ಮಿಲಿಸೆಕೆಂಡಿನ ಪ್ಯಾಕೆಟ್ಟಿನಲ್ಲಿ ಜಿ.711 ಎಂಬ ಧ್ವನಿ ಕೋಡಿಂಗಿನ ಕರೆಗೆ ಈಥರ್‌ನೆಟ್ ಮೇಲೆ 87 ಕೆಬಿಪಿಎಸ್, ಧ್ವನಿಯನ್ನು ಹೆಚ್ಚು ಕುಗ್ಗಿಸುವ ಜಿ.729ಕ್ಕೆ 31 ಕೆಬಿಪಿಎಸ್, ಎರಡೂ ದಿಕ್ಕಿಗೆ ಅಷ್ಟಷ್ಟು. 64 ಮತ್ತು 8 ಎಂಬ ಕ್ಯಾಟಲಾಗ್ ಅಂಕಿ ಧ್ವನಿಯದ್ದು ಮಾತ್ರ, ಪ್ಯಾಕೆಟ್ಟಿನ ಹೊದಿಕೆ ಅದರಲ್ಲಿಲ್ಲ. ಜಿ.729 ಹಾಕಿದರೆ ಕೆಲವು ಕಾರ್ಡುಗಳಲ್ಲಿ ಚಾನೆಲ್ ಸಂಖ್ಯೆಯೇ ಇಳಿಯುತ್ತದೆ, ಅದನ್ನೂ ಕೇಳಿಕೊಳ್ಳಿ.

## ಹಂತ 5: ಸ್ಲಾಟ್ ನಕ್ಷೆ ಬರೆಯಿರಿ

ಒಂದು ಹಾಳೆಯಲ್ಲಿ ಕ್ಯಾಬಿನೆಟ್ಟಿನ ಸ್ಲಾಟುಗಳನ್ನು ಬರೆದು ಯಾವ ಕಾರ್ಡ್ ಎಲ್ಲಿ ಎಂದು ಕಾಗದದ ಮೇಲೆ ಮೊದಲು ತೀರ್ಮಾನಿಸಿ. ಎಲ್ಲ ಸ್ಲಾಟ್ ಎಲ್ಲ ಕಾರ್ಡಿಗೂ ಆಗುವುದಿಲ್ಲ. ಕೆಲವು ಮೆಷಿನ್ನಿನಲ್ಲಿ ಪಿಆರ್‌ಐ, ವಾಯ್ಪ್ ಕಾರ್ಡಿಗೆ ನಿಗದಿತ ಸ್ಲಾಟ್ ಮಾತ್ರ.

ಬಿಡುವಿಲ್ಲದ ಫೋನುಗಳನ್ನು ಬೇರೆ ಬೇರೆ ಕಾರ್ಡುಗಳಿಗೆ, ಶೆಲ್ಫ್ ಎರಡಿದ್ದರೆ ಬೇರೆ ಬೇರೆ ಶೆಲ್ಫಿಗೆ ಹಂಚಿ. ಒಂದು ಕಾರ್ಡ್ ಸುಟ್ಟರೆ ಐಸಿಯು, ಎಮರ್ಜೆನ್ಸಿ, ಆಂಬುಲೆನ್ಸ್ ಮೂರೂ ಒಟ್ಟಿಗೆ ಮೂಕವಾಗಬಾರದು. ಅನುಕೂಲಕ್ಕೆಂದು ಒಂದನೇ ಕಾರ್ಡಿನಲ್ಲಿ ಒಂದನೇ ಮಹಡಿ, ಎರಡನೆಯದರಲ್ಲಿ ಎರಡನೇ ಮಹಡಿ ಎಂದು ಹಾಕುವುದೇ ವಾಡಿಕೆ. ನೋಡಲು ಚೆಂದ, ಕಾರ್ಡ್ ಹೋದ ದಿನ ಇಡೀ ಮಹಡಿ ಹೋಗುತ್ತದೆ.

ಪಿಆರ್‌ಐಗೆ ಬದಲಾದರೂ ಒಂದು ಅನಲಾಗ್ ಲೈನ್ ಉಳಿಸಿಕೊಂಡು ಪವರ್-ಫೇಲ್ ಟ್ರಾನ್ಸ್‌ಫರ್ ಪೋರ್ಟಿಗೆ ಹಾಕಿ, ಅದಕ್ಕೆ ಸಾದಾ ಫೋನು ಜೋಡಿಸಿ. ಮೆಷಿನ್ ಸತ್ತರೂ ಆ ಫೋನು ಎಕ್ಸ್‌ಚೇಂಜಿನ ಕರೆಂಟಿನಲ್ಲೇ ನಡೆಯುತ್ತದೆ. ಲೈನ್ ತಾಮ್ರದ ತಂತಿಯಲ್ಲಿ ನೇರ ಬರುತ್ತಿದ್ದರೆ ಮಾತ್ರ ಈ ಮಾತು. ಫೈಬರ್ ಮೋಡೆಮ್ಮಿನಿಂದ ಬರುತ್ತಿದ್ದರೆ ಮೋಡೆಮ್ಮಿಗೂ ಯುಪಿಎಸ್ ಬೇಕು.

## ಹಂತ 6: ಪವರ್, ಅರ್ಥಿಂಗ್, ಸಿಡಿಲು

ಪ್ರತಿ ಕಾರ್ಡಿನ ವ್ಯಾಟ್ ಮ್ಯಾನ್ಯುಯಲ್ಲಿನಲ್ಲಿರುತ್ತದೆ. ಎಲ್ಲ ಕೂಡಿದ ಮೇಲೂ ಪವರ್ ಸಪ್ಲೈಯಲ್ಲಿ 20ರಿಂದ 25% ಉಳಿಯಬೇಕು. ಕಡಿಮೆಯಾದರೆ ಮೊದಲು ಕಾಣುವ ಲಕ್ಷಣ ವಿಚಿತ್ರ: ಮಾತು ಸರಿ ಇರುತ್ತದೆ, ಒಟ್ಟಿಗೆ ಹತ್ತಾರು ಫೋನು ರಿಂಗ್ ಆಗುವಾಗ ಮಾತ್ರ ರಿಂಗ್ ಸೊರಗುತ್ತದೆ.

48 ವೋಲ್ಟಿಗೆ 12 ವೋಲ್ಟಿನ ನಾಲ್ಕು ಬ್ಯಾಟರಿ ಸಾಲಾಗಿ. ಮೆಷಿನ್ 3 ಆಂಪಿಯರ್ ಎಳೆಯುತ್ತದೆ, 4 ಗಂಟೆ ಬೇಕು ಎಂದರೆ 12 ಆಂಪಿಯರ್-ಅವರ್ ಆಯಿತು. ಬ್ಯಾಟರಿ ಹಳತಾಗುವುದನ್ನೂ ಪೂರ್ತಿ ಬರಿದು ಮಾಡಬಾರದು ಎನ್ನುವುದನ್ನೂ ಲೆಕ್ಕಕ್ಕೆ ಹಿಡಿದು 26 ಆಂಪಿಯರ್-ಅವರಿನದು ತೆಗೆದುಕೊಳ್ಳಿ. ಫ್ಲೋಟ್ ವೋಲ್ಟೇಜ್ (ತುಂಬಿದ ಬ್ಯಾಟರಿಯನ್ನು ತುಂಬಿದ ಹಾಗೇ ಇಡುವ ವೋಲ್ಟೇಜ್) ನಾಲ್ಕಕ್ಕೂ ಸೇರಿ 54ರ ಆಸುಪಾಸು. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಮೆಟ್ಟಿಲ ಕೆಳಗಿನ ಗಾಳಿಯಿಲ್ಲದ ಗೂಡಿನಲ್ಲಿ ಸೀಲ್ಡ್ ಬ್ಯಾಟರಿ ಇಟ್ಟರೆ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಒಂದನ್ನು ಮಾತ್ರ ಹೊಸದು ಹಾಕಿ ಮೂರು ಹಳೆಯದು ಉಳಿಸುವ ಉಳಿತಾಯ ಬೇಡ, ಹಳೆಯವು ಹೊಸದನ್ನೂ ಕೆಡಿಸುತ್ತವೆ.

ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಕಾರ್ಡುಗಳು ಸಾಲುಸಾಲಾಗಿ ಹೋಗುತ್ತವೆ. ಕಟ್ಟಡದಿಂದ ಹೊರಗೆ ಹೋಗುವ ಪ್ರತಿ ಜೋಡಿ ತಂತಿಗೂ, ಅಂದರೆ ವಾಚ್‌ಮನ್ ರೂಮು, ಕ್ವಾರ್ಟರ್ಸ್, ಗೋಡೌನ್ ಎಲ್ಲದಕ್ಕೂ, ಕ್ರೋನ್ ಮೇಲೆ ಮೂರು ಕಾಲಿನ ಗ್ಯಾಸ್ ಅರೆಸ್ಟರ್ (ಸಿಡಿಲಿನ ವೋಲ್ಟೇಜನ್ನು ಅರ್ಥಿಗೆ ಇಳಿಸುವ ಬಿಡಿಭಾಗ) ಹಾಕಿ. ಅರೆಸ್ಟರುಗಳನ್ನು ಕೂರಿಸುವ ಮ್ಯಾಗಜೀನ್ ಅರ್ಥ್ ತಂತಿಗೆ ಸೇರಿರಲೇಬೇಕು, ಇಲ್ಲದಿದ್ದರೆ ಅದು ಬರೀ ಅಲಂಕಾರ. ಟೆಲಿಫೋನಿನ ಅರ್ಥ್ ಮತ್ತು ಕಟ್ಟಡದ ವಿದ್ಯುತ್ ಅರ್ಥ್ ಒಂದಕ್ಕೊಂದು ಕೂಡಿರಲಿ. ಬೇರೆಬೇರೆ ಇದ್ದರೆ ಸಿಡಿಲು ಬಡಿದಾಗ ಅವೆರಡರ ನಡುವಿನ ವೋಲ್ಟೇಜ್ ನಿಮ್ಮ ಕಾರ್ಡಿನ ಮೂಲಕವೇ ದಾಟುತ್ತದೆ.

## ಹಂತ 7: ಕಾರ್ಡ್ ಕೂರಿಸುವುದು

1. ಈಗಿನ ಪ್ರೋಗ್ರಾಮಿಂಗನ್ನು ಲ್ಯಾಪ್‌ಟಾಪಿಗೆ ಬ್ಯಾಕಪ್ ಮಾಡಿ. ಬ್ಯಾಕಪ್ ಇಲ್ಲದೆ ಒಂದು ಸ್ಕ್ರೂ ಕೂಡ ಬಿಚ್ಚಬೇಡಿ.
2. ಹೊಸ ಕಾರ್ಡಿನ ರಿವಿಷನ್ ಈಗಿನ ಸಾಫ್ಟ್‌ವೇರ್ ವರ್ಷನ್ನಿಗೆ ಹೊಂದುತ್ತದೆಯೇ ನೋಡಿ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರುವ ಹಳೇ ಕಾರ್ಡುಗಳಲ್ಲಿ ಇದನ್ನು ಅಂಗಡಿಯಲ್ಲೇ ನೋಡಿಕೊಳ್ಳಬೇಕು.
3. ಮೇನ್ಸ್ ಆರಿಸಿ, ನಂತರ ಬ್ಯಾಟರಿಯನ್ನೂ ಬಿಡಿಸಿ. ಬ್ಯಾಟರಿ ಮರೆತರೆ ಕಾರ್ಡುಗಳು ಕೂರುವ ಹಿಂದಿನ ಬೋರ್ಡಿನಲ್ಲಿ (ಬ್ಯಾಕ್‌ಪ್ಲೇನ್) 48 ವೋಲ್ಟ್ ಹಾಗೇ ಇರುತ್ತದೆ. 'ಆನ್ ಇದ್ದಾಗಲೇ ಹಾಕಬಹುದು' ಎಂದು ಆ ಕಾರ್ಡಿಗೇ ಮ್ಯಾನ್ಯುಯಲ್ ಹೇಳಿದ್ದರೆ ಮಾತ್ರ ಹಾಗೆ ಮಾಡಿ. ಸಿಪಿಯು, ಪವರ್ ಕಾರ್ಡಿಗೆ ಈ ಧೈರ್ಯ ಬೇಡ.
4. ರಿಸ್ಟ್ ಬ್ಯಾಂಡನ್ನು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹಕ್ಕೆ ಸಿಕ್ಕಿಸಿ. ಕಾರ್ಡನ್ನು ಅಂಚಿನಲ್ಲಿ ಹಿಡಿಯಿರಿ.
5. ಖಾಲಿ ಸ್ಲಾಟಿನೊಳಗೆ ಟಾರ್ಚ್ ಬಿಟ್ಟು ಪಿನ್‌ಗಳನ್ನು ನೋಡಿ. ಕೆಂಪು ಧೂಳು, ಇರುವೆ ಗೂಡು, ಹಲ್ಲಿ ಮೊಟ್ಟೆ ಎಲ್ಲ ಸಿಗುತ್ತವೆ. ಬ್ರಷ್ ಆಡಿಸಿ, ಕಾರ್ಡಿನ ಕಾಂಟ್ಯಾಕ್ಟನ್ನು ಆಲ್ಕೋಹಾಲಿನಿಂದ ಒರೆಸಿ. ರಬ್ಬರ್ ಹಾಕಿ ಉಜ್ಜಬೇಡಿ, ಚಿನ್ನದ ಲೇಪ ಸವೆಯುತ್ತದೆ.
6. ಮೇಲೆ, ಕೆಳಗೆ ಎರಡೂ ಗೈಡಿನಲ್ಲಿ ಕಾರ್ಡ್ ಕೂತಿದೆಯೇ ನೋಡಿ ನಿಧಾನ ತಳ್ಳಿ. ಕೊನೆಯ ಒಂದು ಸೆಂಟಿಮೀಟರಿನಲ್ಲಿ ಗಟ್ಟಿ ಎನಿಸುವುದು ಸಹಜ, ಎರಡು ಹೆಬ್ಬೆರಳಿನಿಂದ ಎರಡೂ ತುದಿ ಸಮವಾಗಿ ಒತ್ತಿದರೆ ಕೂರುತ್ತದೆ. ಅದಕ್ಕಿಂತ ಮೊದಲೇ ತಡೆದರೆ ಹೊರಗೆ ತೆಗೆದು ಪಿನ್ ನೋಡಿ. ಬಲ ಹಾಕಿ ಬಗ್ಗಿಸಿದ ಒಂದು ಪಿನ್ ಇಡೀ ಬ್ಯಾಕ್‌ಪ್ಲೇನನ್ನು ಬಲಿ ತೆಗೆದುಕೊಳ್ಳುತ್ತದೆ.
7. ಮೇನ್ಸ್ ಕೊಡಿ, ಮೆಷಿನ್ ಪೂರ್ತಿ ಎದ್ದ ಮೇಲೆ ಬ್ಯಾಟರಿ ಸೇರಿಸಿ. ಈ ಕ್ರಮ ನಿಮ್ಮ ಮ್ಯಾನ್ಯುಯಲ್ಲಿನಲ್ಲಿ ಬೇರೆ ಇದ್ದರೆ ಅದೇ ಅಂತಿಮ.

ಎಕ್ಸ್‌ಟೆನ್ಶನ್ ಕಾರ್ಡಿನ ಪ್ರತಿ ಜೋಡಿಯನ್ನೂ ಕ್ರೋನ್ ಮೇಲೆ ಅಳೆಯಿರಿ. ಫೋನು ಇಟ್ಟಿದ್ದಾಗ ಸುಮಾರು 48 ವೋಲ್ಟ್ ಡಿಸಿ (ಕೆಲವು ಚಿಕ್ಕ ಮೆಷಿನ್ನಿನಲ್ಲಿ 24), ಎತ್ತಿದಾಗ 6ರಿಂದ 12, ರಿಂಗ್ ಆಗುವಾಗ 75 ವೋಲ್ಟ್ ಎಸಿ ಆಸುಪಾಸು. ರಿಂಗ್ ವೋಲ್ಟೇಜ್ ಕೈಗೆ ಜೋರಾಗಿ ಹೊಡೆಯುತ್ತದೆ, ಬರಿಗೈಯಲ್ಲಿ ತಂತಿ ಸುಲಿಯುವಾಗ ನೆನಪಿರಲಿ. ಫೋನು ಇಟ್ಟಿದ್ದರೂ 10 ವೋಲ್ಟೇ ತೋರಿಸಿದರೆ ತಂತಿ ಎಲ್ಲೋ ಶಾರ್ಟ್ ಆಗಿದೆ. ಇಲಿ ಕಡಿದ ಕೇಬಲ್ಲೇ ಬಹಳ ಸಲ ಕಾರಣ, ಕಾರ್ಡನ್ನು ಬೈಯಬೇಡಿ. ದೂರದ ಫೋನಿಗೆ ಲೂಪ್ ರೆಸಿಸ್ಟೆನ್ಸ್ ನೋಡಿ: 0.5 ಮಿ.ಮೀ. ತಾಮ್ರಕ್ಕೆ ಹೋಗಿ ಬರಲು ಕಿಲೋಮೀಟರಿಗೆ ಸುಮಾರು 176 ಓಮ್.

## ಹಂತ 8: ಟ್ರಂಕ್ ಪ್ರೋಗ್ರಾಮಿಂಗ್

ಅನಲಾಗ್ ಲೈನ್ ಬಿಡುಗಡೆ. ಎಂಗೇಜ್ ಟೋನ್ ಗುರುತಿಸುವ ಸೆಟ್ಟಿಂಗನ್ನು ನಮ್ಮ ದೇಶದ ಟೋನಿಗೆ ಹೊಂದಿಸಿ: 400 ಹರ್ಟ್ಸ್, 0.75 ಸೆಕೆಂಡು ಶಬ್ದ, 0.75 ಸೆಕೆಂಡು ಮೌನ. ಬೇರೆ ದೇಶದ ಡಿಫಾಲ್ಟಿನಲ್ಲೇ ಬಿಟ್ಟಿದ್ದರೆ ಹಂತ 1ರ ಸಿಕ್ಕಿಬಿದ್ದ ಟ್ರಂಕ್ ಗ್ಯಾರಂಟಿ. ಲೈನಿನಲ್ಲಿ ಪೊಲಾರಿಟಿ ರಿವರ್ಸಲ್ (ಕರೆ ಶುರುವಾದಾಗ, ಮುಗಿದಾಗ ಎಕ್ಸ್‌ಚೇಂಜ್ ಲೈನಿನ ಪ್ಲಸ್-ಮೈನಸ್ ತಿರುಗಿಸುವುದು) ಬರುತ್ತಿದ್ದರೆ ಅದನ್ನು ಗುರುತಿಸುವ ಸೆಟ್ಟಿಂಗ್ ಆನ್ ಮಾಡುವುದು ಇನ್ನೂ ಖಚಿತ. ಟ್ರಂಕಿನಿಂದ ಟ್ರಂಕಿಗೆ ಹೋಗುವ ಕರೆಗೆ ಸಮಯ ಮಿತಿ ಹಾಕಿ.

ಎದುರುಬದುರು ಡಿಕ್ಕಿ. ಎಕ್ಸ್‌ಚೇಂಜ್ 1ನೇ ಲೈನಿನಿಂದ ಹುಡುಕುತ್ತ ಬರುತ್ತದೆ. ನಿಮ್ಮ ಮೆಷಿನ್ನೂ 1ರಿಂದಲೇ ಹೊರಗೆ ಹೋದರೆ, ರಿಂಗ್ ಬರುವ ಕ್ಷಣದಲ್ಲೇ ಯಾರೋ ಸೊನ್ನೆ ಒತ್ತಿ ಹೊರಗಿನ ರೋಗಿಯ ಜೊತೆ ಮುಖಾಮುಖಿಯಾಗುತ್ತಾರೆ. ಹೊರಹೋಗುವ ಕರೆಯನ್ನು ಕೊನೆಯ ಲೈನಿನಿಂದ ಹಿಂದಕ್ಕೆ ಹುಡುಕುವಂತೆ ಹಾಕಿ. ಪಿಆರ್‌ಐನಲ್ಲೂ 30ರಿಂದ 1ಕ್ಕೆ.

ಪಿಆರ್‌ಐ ಕ್ಲಾಕ್. ಮೆಷಿನ್ ಕಂಪನಿಯ ಕ್ಲಾಕನ್ನು ಹಿಂಬಾಲಿಸಬೇಕು, ಅಂದರೆ ನೀವು ಸ್ಲೇವ್. ತನ್ನದೇ ಕ್ಲಾಕಿನಲ್ಲಿ ಓಡುವಾಗ ವ್ಯತ್ಯಾಸ ಹತ್ತು ಲಕ್ಷದಲ್ಲಿ 50 ಭಾಗ ಇದ್ದರೂ ಎರಡೂವರೆ ಸೆಕೆಂಡಿಗೊಮ್ಮೆ ಒಂದು ಫ್ರೇಮ್ ಜಾರುತ್ತದೆ. ಮಾತಿನಲ್ಲಿ ಟಿಕ್ ಟಿಕ್ ಎನ್ನುತ್ತದೆ, ಫ್ಯಾಕ್ಸ್ ಅರ್ಧಕ್ಕೇ ನಿಲ್ಲುತ್ತದೆ. ಸಿಆರ್‌ಸಿ-4 (ತಪ್ಪು ಪತ್ತೆ ಮಾಡುವ ಸೆಟ್ಟಿಂಗ್) ಎರಡೂ ಕಡೆ ಒಂದೇ ರೀತಿ ಇರಲಿ. ಆರ್‌ಜೆ45 ಕೇಬಲ್ ಇದ್ದರೆ ಕಾರ್ಡಿನ ಜಂಪರ್ 120 ಓಮ್, ಬಿಎನ್‌ಸಿ ಇದ್ದರೆ 75.

ದೀಪಗಳು ಹೇಳುವುದನ್ನು ಓದಿ. ಎಲ್‌ಒಎಸ್ ಎಂದರೆ ನಿಮಗೆ ಸಿಗ್ನಲ್ಲೇ ಬರುತ್ತಿಲ್ಲ: ಕೇಬಲ್ ನೋಡಿ, 1-2 ಮತ್ತು 4-5 ಜೋಡಿ ಅದಲುಬದಲಾಗಿದೆಯೇ ನೋಡಿ. ಆರ್‌ಎಐ ಎಂದರೆ ನಿಮ್ಮ ಸಿಗ್ನಲ್ ಅವರಿಗೆ ಸರಿಯಾಗಿ ತಲುಪುತ್ತಿಲ್ಲ. ಎಐಎಸ್ ಎಂದರೆ ತೊಂದರೆ ಇನ್ನೂ ಮೇಲೆ, ಕಂಪನಿಯ ಜಾಲದಲ್ಲಿ. ಆಗ ನಿಮ್ಮ ಕಾರ್ಡ್ ಬಿಚ್ಚುವುದು ವ್ಯರ್ಥ, ಕಂಪ್ಲೇಂಟ್ ಬರೆಸಿ.

## ಹಂತ 9: ಭಾರ ಹಾಕಿ ನೋಡಿ

ಒಂದು ಫೋನಿನಿಂದ ಒಂದು ಕರೆ ಮಾಡಿ 'ಸರಿಯಾಯ್ತು' ಎಂದು ಸಹಿ ಹಾಕಬೇಡಿ. ಕೆಲಸದ ಹೊತ್ತು ಮುಗಿದ ಮೇಲೆ ಪ್ರತಿ ಟ್ರಂಕನ್ನೂ ಅದರದೇ ಕೋಡ್ ಒತ್ತಿ ಒಂದೊಂದಾಗಿ ಹಿಡಿದು ಮೊಬೈಲಿಗೆ ಕರೆ ಮಾಡಿ, ಎರಡೂ ಕಡೆ ಧ್ವನಿ ಕೇಳಿ. ನಂತರ ಲೈನುಗಳನ್ನೆಲ್ಲ ಒಟ್ಟಿಗೆ ಭರ್ತಿ ಮಾಡಿ, ಆ ಸ್ಥಿತಿಯಲ್ಲಿ ಒಳಕರೆ ನಡೆಯುತ್ತದೆಯೇ, ಡಯಲ್ ಟೋನ್ ತಕ್ಷಣ ಬರುತ್ತದೆಯೇ ನೋಡಿ. ಮೊಬೈಲಿನಿಂದ 08192 ಅಥವಾ 08194 ಸೇರಿಸಿ ಮೊದಲ ನಂಬರಿಗೆ ಕರೆ ಮಾಡುತ್ತ ಹಂಟಿಂಗ್ ಕೊನೆಯ ಲೈನಿನವರೆಗೂ ಹೋಗುತ್ತದೆಯೇ ಪರೀಕ್ಷಿಸಿ. ಕೊನೆಗೆ ಮೇನ್ಸ್ ಎಳೆದು ಬ್ಯಾಟರಿಯ ಮೇಲೆ ಅರ್ಧ ಗಂಟೆ ಓಡಿಸಿ.

ಮುಂದಿನ ಸೋಮವಾರ ಅದೇ ಗಡಿಬಿಡಿಯ ಗಂಟೆಯನ್ನು ಮತ್ತೆ ಅಳೆಯಿರಿ. 'ಎಲ್ಲ ಟ್ರಂಕ್ ಭರ್ತಿ' ಕೌಂಟರ್ ನೂರಕ್ಕೆ ಒಂದರ ಒಳಗಿರಬೇಕು. ಅಳತೆ ಮೊದಲಿಗಿಂತ ಹೆಚ್ಚಾಗಿ ಕಂಡರೆ ಗಾಬರಿ ಬೇಡ: ಲೈನ್ ಸಿಗುತ್ತದೆ ಎಂದು ಗೊತ್ತಾದ ಮೇಲೆ ಮೊದಲು ಸುಮ್ಮನಿದ್ದವರೂ ಕರೆ ಮಾಡಲು ಶುರುಮಾಡುತ್ತಾರೆ. ಆದ್ದರಿಂದ ಅನಲಾಗ್ ಲೈನಾದರೆ 11 ಎಂದು ಲೆಕ್ಕ ಬಂದಲ್ಲಿ 12 ಹಾಕಿಸಿ, ಟ್ರಂಕ್ ಕಾರ್ಡುಗಳು ಬರುವುದೂ ಸಾಮಾನ್ಯವಾಗಿ 4 ಅಥವಾ 8 ಪೋರ್ಟಿನ ಲೆಕ್ಕದಲ್ಲೇ.